ಜ್ವರ ಎಂದು ಹೇಳಿದ ಸೋಮವಾರ

ನಾನು ಕೆಲಸ ಬಿಟ್ಟದ್ದು ಒಂದು ಸೋಮವಾರ ಬೆಳಿಗ್ಗೆ, ಯಾರಿಗೂ ಹೇಳದೆ. ಹಿರಿಯೂರಿನ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್ ಆಗಿದ್ದೆ. ಕಿಡ್ನಿ ಕೈಕೊಟ್ಟವರ ರಕ್ತವನ್ನು ಮಿಷನ್ನಿಗೆ ಹರಿಸಿ, ಶುದ್ಧ ಮಾಡಿ, ಮೈಯಲ್ಲಿ ತುಂಬಿಕೊಂಡ ನೀರನ್ನು ತೆಗೆದು, ರಕ್ತವನ್ನು ಮತ್ತೆ ಮೈಗೆ ಸೇರಿಸುವ ಕೆಲಸ. ಒಬ್ಬೊಬ್ಬರಿಗೆ ನಾಲ್ಕು ಗಂಟೆ, ವಾರಕ್ಕೆ ಎರಡು ಸಲ. ದಿನಕ್ಕೆ ಬೆಳಿಗ್ಗೆ ಮೂವರು, ಮಧ್ಯಾಹ್ನ ಮೂವರು, ವಾರಕ್ಕೆ ಒಟ್ಟು ಹದಿನೆಂಟು ಜನ. ಒಂದು ಸಲ ತಪ್ಪಿದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಎರಡು ಸಲ ತಪ್ಪಿದರೆ ಏನಾಗುತ್ತದೆ ಎಂದು ಆ ರೂಮಿನಲ್ಲಿ ಮಲಗುವ ಎಲ್ಲರಿಗೂ ಗೊತ್ತಿತ್ತು.

ಮೊದಲು ನಾವಿಬ್ಬರಿದ್ದೆವು. ನನಗಿಂತ ಕಿರಿಯವಳು, ಹೊಸದುರ್ಗದ ಹುಡುಗಿ, ಒಂದು ದಿನ ವಾಟ್ಸಾಪಿನಲ್ಲಿ "ನಾಳೆಯಿಂದ ಬರಲ್ಲ ಅಕ್ಕ, ಸಾರಿ" ಎಂದು ಕಳಿಸಿ ನಿಂತುಬಿಟ್ಟಳು. ನಾನು ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. "ಮಲಗಿರೋ ಜನನ ಬಿಟ್ಟು ಹೋಗ್ತೀಯಲ್ಲ, ನಿಂಗೆ ಮನುಷ್ಯತ್ವ ಐತಾ?" ಎಂದೆ. ಅವಳು ಅಳುತ್ತಾ, "ಹೇಳಿದ್ರೆ ಬಿಡ್ತಿರ್ಲಿಲ್ಲಕ್ಕ" ಎಂದಳು. ನಾನು ಮಾತು ಮುಗಿಯುವ ಮೊದಲೇ ಫೋನ್ ಕಟ್ ಮಾಡಿದೆ.

ಆಮೇಲೆ ಏಳು ತಿಂಗಳು ನಾನೊಬ್ಬಳೇ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಸಂಜೆ ಬೀಗ ಹಾಕುವಾಗ ಬೀದಿ ದೀಪ ಹತ್ತಿರುತ್ತಿತ್ತು. ಭಾನುವಾರ ನೀರು ಶುದ್ಧ ಮಾಡುವ ಯಂತ್ರ ತೊಳೆಯುವುದು, ಕೊಳವೆ ಬದಲಿಸುವುದು. ಬಾಡಿಗೆ ರೂಮಿಗೆ ಬಂದು ಅನ್ನಕ್ಕೆ ಇಟ್ಟು, ಅದು ಬೇಯುವ ಮೊದಲೇ ಗೋಡೆಗೆ ಒರಗಿ ನಿದ್ದೆ ಹೋದ ದಿನಗಳಿವೆ. ಸುಟ್ಟ ವಾಸನೆಗೆ ಎಚ್ಚರವಾಗುತ್ತಿತ್ತು.

ನೇಮಕದ ಪತ್ರದಲ್ಲಿ ಒಂದು ತಿಂಗಳು ಮೊದಲೇ ತಿಳಿಸಬೇಕು ಎಂದಿತ್ತು. ತಿಳಿಸಿದೆ. ಒಂದಲ್ಲ, ಮೂರು ಸಲ ಬರೆದು ಕೊಟ್ಟೆ. ಮ್ಯಾನೇಜರು ಪ್ರತಿ ಸಲವೂ ಕಾಗದ ಓದಿ, ಮಡಚಿ, ಡ್ರಾಯರಿಗೆ ಹಾಕಿಕೊಳ್ಳುತ್ತಿದ್ದರು. ದನಿ ಎತ್ತಿದವರಲ್ಲ.

"ಕುಂತ್ಕಳ್ರಿ ಮೇಡಂ, ಕಾಫಿ ಕುಡೀರಿ. ಹುಡುಕ್ತಾ ಇದೀವಿ. ಯಾರಾದ್ರೂ ಬರ್ಲಿ, ನೀವೇ ಒಂದ್ ವಾರ ಕಲಿಸ್ಕೊಟ್ಟು ಹೋಗ್ರಿ."

"ಹೋದ್ ಸಲನೂ ಹಿಂಗೇ ಅಂದ್ರಿ ಸರ್."

"ನೀವು ಹೋದ್ರೆ ಈ ಹದಿನೆಂಟು ಜನ ಎಲ್ಲಿಗೆ ಹೋಗ್ಬೇಕು, ನೀವೇ ಹೇಳ್ರಿ."

ನಾನು ಎದ್ದು ಮತ್ತೆ ಮಿಷನ್ನುಗಳ ಬಳಿಗೆ ಹೋಗುತ್ತಿದ್ದೆ. ಹೋಗುತ್ತೇನೆಂಬುದು ಅವರಿಗೂ ಗೊತ್ತಿತ್ತು. ನನ್ನ ಡಿಪ್ಲೊಮಾದ ಮೂಲ ಪ್ರತಿಗಳೂ ಅವರ ಬೀರುವಿನಲ್ಲೇ ಇದ್ದವು. ಆದರೆ ನನ್ನನ್ನು ಕಟ್ಟಿಹಾಕಿದ್ದು ಆ ಕಾಗದಗಳಲ್ಲ, ಆ ಹದಿನೆಂಟು ಜನ.

ಅವರಲ್ಲಿ ಜವನಗೊಂಡನಹಳ್ಳಿ ಕಡೆಯ ಒಬ್ಬ ಅಜ್ಜ. ಮೂವತ್ತು ವರ್ಷ ಪಂಚಾಯಿತಿಯ ವಾಟರ್‌ಮನ್ ಆಗಿ ಊರಿಗೆಲ್ಲ ನೀರು ಬಿಟ್ಟವರು. ಈಗ ದಿನಕ್ಕೆ ಮೂರು ಲೋಟಕ್ಕಿಂತ ಹೆಚ್ಚು ನೀರು ಕುಡಿಯುವಂತಿರಲಿಲ್ಲ. ಸೋಮವಾರ, ಗುರುವಾರ ಬೆಳಗಿನ ಮೊದಲ ಬಸ್ಸಿಗೆ ಹೆಂಡತಿಯ ಜೊತೆ ಬರುತ್ತಿದ್ದರು. ಆಕೆಯನ್ನು ನಾನು ಅಮ್ಮ ಎನ್ನುತ್ತಿದ್ದೆ. ಅಮ್ಮ ಅವರ ಚಪ್ಪಲಿ ಬಿಡಿಸಿ, ತೂಕದ ಯಂತ್ರದ ಮೇಲೆ ನಿಲ್ಲಿಸಿ, "ನೋಡವ್ವ, ಎಷ್ಟು ನೀರು ಕದ್ದು ಕುಡ್ದವ್ರೆ ಇವ್ರು" ಎಂದು ನನ್ನ ಮುಖ ನೋಡುತ್ತಿದ್ದರು. ತೂಕ ಹೆಚ್ಚಿದ್ದರೆ ಅಜ್ಜ ಚಿಕ್ಕ ಮಗುವಿನಂತೆ ತಲೆ ತಗ್ಗಿಸುತ್ತಿದ್ದರು. ಎಷ್ಟೋ ದಿನ ಅಮ್ಮ ತಂದ ರೊಟ್ಟಿಯೇ ನನ್ನ ಬೆಳಗಿನ ತಿಂಡಿ.

ನಾನು ಬಿಡುವ ಹಿಂದಿನ ಗುರುವಾರ ಅಜ್ಜನ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಬಿಪಿ ಬರೆದುಕೊಳ್ಳುತ್ತಿದ್ದದ್ದು ನೆನಪಿದೆ. ಆಮೇಲೆ ನೆನಪಿರುವುದು ಯಾರೋ ಭುಜ ತಟ್ಟಿದ್ದು. "ಅವ್ವಾ, ಏಳವ್ವ, ಮಿಷನ್ನು ಬಡ್ಕಂತೈತೆ" ಎಂದು ಅಜ್ಜ ಸೂಜಿ ಇಲ್ಲದ ಕೈ ಚಾಚಿ ನನ್ನನ್ನು ಎಬ್ಬಿಸುತ್ತಿದ್ದರು. ಅಲಾರಂ ಎಷ್ಟು ಹೊತ್ತಿನಿಂದ ಕೂಗುತ್ತಿತ್ತೋ. ಆಚೆ ಮಂಚದವರ ರಕ್ತದ ಕೊಳವೆ ಮಡಚಿಕೊಂಡು ಮಿಷನ್ ತಾನಾಗಿ ನಿಂತಿತ್ತು. ಸರಿಮಾಡಿದೆ. ಯಾರಿಗೂ ಏನೂ ಆಗಲಿಲ್ಲ. ಅಂದೇ ಮ್ಯಾನೇಜರಿಗೆ ಹೇಳಿದೆ. "ನಿದ್ದೆ ಬಂದ್ರೆ ಮುಖ ತೊಳ್ಕೊಳ್ರಿ ಮೇಡಂ" ಎಂದರು.

ಸೋಮವಾರ ಬೆಳಿಗ್ಗೆ ಎಂದಿನಂತೆ ಸ್ನಾನ ಮಾಡಿ, ಡಬ್ಬಿ ಕಟ್ಟಿಕೊಂಡು ಹೊರಟೆ. ನರ್ಸಿಂಗ್ ಹೋಮಿಗೆ ಬಸ್ ಸ್ಟ್ಯಾಂಡ್ ದಾಟಿ ಹೋಗಬೇಕು. ದಾಟಲಿಲ್ಲ. ಧರ್ಮಪುರದ ಬಸ್ಸೊಂದು ಖಾಲಿ ನಿಂತಿತ್ತು, ಹತ್ತಿ ಕೂತೆ. ಧರ್ಮಪುರದಲ್ಲಿ ನನಗೆ ಯಾರೂ ಇಲ್ಲ, ಅದಕ್ಕೆ ಮೊದಲು ಅಲ್ಲಿಗೆ ಹೋದವಳೂ ಅಲ್ಲ. ಕಂಡಕ್ಟರ್ "ಎಲ್ಲಿಗವ್ವ?" ಎಂದಾಗ, ಬಸ್ಸು ಎಲ್ಲಿವರೆಗೆ ಹೋಗುತ್ತದೋ ಅಲ್ಲಿಗೆ ಎಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ ಟಿಕೆಟ್ ಹರಿದರು.

ನಾನು ಉಳಿದಿದ್ದರೆ ಯಾರನ್ನಾದರೂ ಕೊಂದೇಬಿಡುತ್ತಿದ್ದೆ ಎಂದು ಈಗ ಕೇಳಿದವರಿಗೆ ಹೇಳುತ್ತೇನೆ. ಅದು ಸುಳ್ಳಲ್ಲ. ಆದರೆ ಆ ಬೆಳಿಗ್ಗೆ ಬಸ್ಸು ಹತ್ತಿದ್ದು ಯಾರನ್ನೋ ಉಳಿಸಲಿಕ್ಕಲ್ಲ. ಇನ್ನೊಂದು ದಿನ ಆ ಬಾಗಿಲು ತೆಗೆಯಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ.

ಆರೂವರೆಗೆ ಫೋನ್ ಶುರುವಾಯಿತು. ಮ್ಯಾನೇಜರು. ಮತ್ತೆ ಮ್ಯಾನೇಜರು. ಕಿಟಕಿಯಾಚೆ ಶೇಂಗಾ ಹೊಲಗಳು ಸರಿಯುತ್ತಿದ್ದವು, ಫೋನು ತೊಡೆಯ ಮೇಲೆ ನಡುಗುತ್ತಿತ್ತು. ನಾನು ಎತ್ತಲಿಲ್ಲ. ಏಳು ಗಂಟೆಗೆ ಅಮ್ಮನ ಹೆಸರು ಬಂತು. ಅದನ್ನು ಎತ್ತಿದೆ.

"ಎಲ್ಲಿದೀಯವ್ವ? ಬಾಗ್ಲು ಹಾಕೈತೆ. ಇವ್ರನ್ನ ಮೆಟ್ಲ ಮೇಲೆ ಕುಂದ್ರಿಸೀನಿ."

ಬಿಟ್ಟೆ ಎಂದು ಹೇಳಬೇಕಿತ್ತು. ಇನ್ನು ಬರುವುದಿಲ್ಲ, ಈಗಲೇ ಚಿತ್ರದುರ್ಗದ ಬಸ್ಸು ಹತ್ತಿಸಿ, ಜಿಲ್ಲಾ ಆಸ್ಪತ್ರೆಯಲ್ಲಿ ಮಿಷನ್ ಇದೆ, ಇಂದೇ ಮಾಡಿಸಿ ಎಂದು ಹೇಳಬೇಕಿತ್ತು. ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಜ್ವರ ಬಂದೈತಮ್ಮ. ಏಳಕ್ಕೇ ಆಗ್ಲಿಲ್ಲ."

"ಅಯ್ಯೋ ನಮ್ಮವ್ವಾ!" ಎಂದರು. ದನಿಯಲ್ಲಿ ಒಂದು ಚೂರೂ ಅನುಮಾನವಿರಲಿಲ್ಲ. "ಒಬ್ಳೇ ಎಷ್ಟೂಂತ ದುಡೀತೀಯ. ಮಲಿಕ್ಕ, ಬಿಸಿನೀರು ಕುಡಿ. ಒಂದಿನ ತಡೀತಾರೆ ಇವ್ರು. ನಾವು ನಾಳಿಕ್ಕೆ ಬರ್ತೀವಿ."

ನಾನು "ಹ್ಞೂಂ" ಎಂದೆ. ಆ ಒಂದು ಹ್ಞೂಂ. ಆಮೇಲೆ ಫೋನ್ ಆಫ್ ಮಾಡಿದೆ.

ಧರ್ಮಪುರದಲ್ಲಿ ಇಳಿದು ಬಸ್ ನಿಲ್ಲುವ ಜಾಗದ ಕಲ್ಲುಬೆಂಚಿನ ಮೇಲೆ ಕೂತೆ. ಬ್ಯಾಗನ್ನು ತಲೆಗಿಟ್ಟುಕೊಂಡು ಅಲ್ಲೇ ಮಲಗಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಏಳು ತಿಂಗಳಲ್ಲಿ ಅಷ್ಟು ಗಾಢವಾದ ನಿದ್ದೆ ನನಗೆ ಬಂದಿರಲಿಲ್ಲ. ಎಚ್ಚರವಾದಾಗ ಮಧ್ಯಾಹ್ನದ ಬಿಸಿಲು ಕಾಲ ಮೇಲಿತ್ತು. ಅದೇ ದಾರಿಯಲ್ಲಿ ವಾಪಸು ಬಂದು, ಹಿರಿಯೂರಿನಲ್ಲಿ ತಲೆಗೆ ಸೆರಗು ಹೊದ್ದು ಬಸ್ ಬದಲಿಸಿ, ಹೊಸದುರ್ಗದ ಮೇಲೆ ಮತ್ತೋಡಿನ ನಮ್ಮ ಮನೆಗೆ ಹೋದೆ. ನನ್ನ ಹೆತ್ತವ್ವನಿಗೆ, ರಜೆ ಕೊಟ್ಟಿದ್ದಾರೆ ಎಂದೆ. ಒಂದು ಸುಳ್ಳಿನ ಮೇಲೆ ಇನ್ನೊಂದು ಎಷ್ಟು ಸಲೀಸಾಗಿ ಬರುತ್ತದೆ ಎಂದು ನನಗೇ ಭಯವಾಯಿತು.

ಬುಧವಾರ ಬೆಳಿಗ್ಗೆ ಫೋನ್ ಆನ್ ಮಾಡಿದ ಹತ್ತು ನಿಮಿಷಕ್ಕೆ ನರ್ಸಿಂಗ್ ಹೋಮಿನ ಆಯಾ ಕರೆ ಮಾಡಿದಳು. ನೆಲ ಒರೆಸಿ, ಹಾಸಿಗೆ ಬದಲಿಸಿ, ನನ್ನ ಜೊತೆ ಆ ರೂಮಿನಲ್ಲಿ ಇರುತ್ತಿದ್ದವಳು ಅವಳೊಬ್ಬಳೇ. ನಡೆದದ್ದನ್ನು ಅವಳೇ ಹೇಳಿದಳು.

ಸೋಮವಾರ ಎಂಟು ಗಂಟೆಗೇ ಮ್ಯಾನೇಜರು ಎಲ್ಲರಿಗೂ ದುರ್ಗಕ್ಕೆ ಹೋಗಲು ಹೇಳಿದ್ದರು. ಆ ದಿನದ ಉಳಿದ ಐವರೂ ಬೈಯುತ್ತಾ ಹೋಗಿ, ಕಾದು, ಅಂದೇ ಮಾಡಿಸಿಕೊಂಡರು. ಅಮ್ಮ ಮಾತ್ರ ಹೋಗಲಿಲ್ಲ. "ಆವಮ್ಮಂಗೆ ಜ್ವರ. ನಾಳಿಕ್ಕೆ ಬರ್ತೀನಿ ಅಂತ ನಂಗೇ ಹೇಳವ್ಳೆ" ಎಂದು ಅಜ್ಜನನ್ನು ಊರಿಗೆ ಕರೆದುಕೊಂಡು ಹೋದರು. ಮಂಗಳವಾರ ಮೊದಲ ಬಸ್ಸಿಗೆ ಮತ್ತೆ ಬಂದರು. ಮ್ಯಾನೇಜರು ಅವಳು ಬರೋದಿಲ್ಲ ಎಂದರೂ ನಂಬದೆ ಮೆಟ್ಟಿಲ ಮೇಲೆ ಕಾದರು. ಹತ್ತು ಗಂಟೆಯ ಹೊತ್ತಿಗೆ ಅಜ್ಜನಿಗೆ ಕೂತಲ್ಲೇ ಉಸಿರು ಸಿಗದಂತಾಯಿತು. ತುಟಿ ಕಪ್ಪಾಯಿತು. ಆಂಬುಲೆನ್ಸಿನಲ್ಲಿ ದುರ್ಗಕ್ಕೆ ಕರೆದುಕೊಂಡು ಹೋದರಂತೆ.

"ಇದಾರಾ?" ಎಂದೆ.

"ಗೊತ್ತಿಲ್ಲಕ್ಕ" ಎಂದಳು ಆಯಾ.

ಮತ್ತೋಡಿನಿಂದ ಹೊಸದುರ್ಗ, ಅಲ್ಲಿಂದ ಹೊಳಲ್ಕೆರೆ, ಅಲ್ಲಿಂದ ಚಿತ್ರದುರ್ಗ. ಮೂರು ಬಸ್ಸು. ಅಮ್ಮನಿಗೆ ಫೋನ್ ಮಾಡುವ ಧೈರ್ಯ ಬರಲಿಲ್ಲ. ದಾರಿಯುದ್ದಕ್ಕೂ ಒಂದೇ ಲೆಕ್ಕ ಹಾಕುತ್ತಿದ್ದೆ: ಗುರುವಾರದಿಂದ ಮಂಗಳವಾರ, ಐದು ದಿನ. ಐದು ದಿನದ ನೀರು ಆ ಎದೆಯಲ್ಲಿ ಎಲ್ಲಿವರೆಗೆ ಏರಿರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹ್ಞೂಂ ಎಂದಿದ್ದೆ.

ಅಜ್ಜ ಬದುಕಿದ್ದರು. ಮೂಗಿಗೆ ಆಕ್ಸಿಜನ್ ಹಾಕಿದ್ದರು. ಹಿಂದಿನ ದಿನ ತುರ್ತಾಗಿ ಡಯಾಲಿಸಿಸ್ ಮಾಡಿದ್ದರಂತೆ. ಅಮ್ಮ ವಾರ್ಡಿನ ಹೊರಗೆ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದರು. ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಅಂಗೈ ಹಿಂಭಾಗವನ್ನು ನನ್ನ ಹಣೆಗೆ ಇಟ್ಟು ನೋಡಿದರು.

"ಬಿಟ್ಟೈತಾ ಜ್ವರ?"

"ಜ್ವರ ಇರ್ಲಿಲ್ಲಮ್ಮ" ಎಂದೆ. "ಕೆಲ್ಸ ಬಿಟ್ಟೆ. ಹೇಳಕ್ಕೆ ಬಾಯಿ ಬರ್ಲಿಲ್ಲ."

ಅವರು ಕೈ ತೆಗೆದರು. ಆಮೇಲೆ ನನ್ನ ಕಡೆ ನೋಡದೆಯೇ ಮಾತಾಡಿದರು.

"ಬಿಡೋಳು ಬಿಡು. ಅದು ನಿನ್ ಇಷ್ಟ. ನಿನ್ ಕಣ್ಣು ಒಳಕ್ಕೋಗಿದ್ದು ನಂಗೇನು ಕಾಣ್ತಿರ್ಲಿಲ್ವಾ? ಒಂದ್ ಮಾತು ಹೇಳಿದ್ರೆ ನಾವೇನು ನಿನ್ ಕಾಲು ಹಿಡ್ಕಂತಿದ್ವಾ?"

ಹಿಡ್ಕೊಳ್ತಿದ್ರಿ ಅಮ್ಮ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹದಿನೆಂಟು ಜನರೂ ಹಿಡಿದುಕೊಳ್ಳುತ್ತಿದ್ದರು, ನಾನು ಮತ್ತೆ ಉಳಿಯುತ್ತಿದ್ದೆ. ಅದನ್ನು ಬಾಯಿಬಿಟ್ಟು ಹೇಳುವ ಹಕ್ಕು ನನಗಿರಲಿಲ್ಲ.

"ಎಲ್ರೂ ಹೋದ್ರು" ಎಂದರು ಅಮ್ಮ. "ನಿನ್ ಮಾತು ನಂಬ್ಕಂಡು ನಾನೊಬ್ಳೇ ಕುಂತೆ."

ಒಳಗೆ ಹೋಗಿ ಅಜ್ಜನನ್ನು ನೋಡುವೆಯಾ ಎಂದು ಅವರು ಕೇಳಲಿಲ್ಲ. ನಾನೂ ಕೇಳಲಿಲ್ಲ. ಬಾಗಿಲ ಗಾಜಿನಿಂದ ಪಾದಗಳು ಮಾತ್ರ ಕಂಡವು. ಊತ ಇನ್ನೂ ಇಳಿದಿರಲಿಲ್ಲ.

ನಾನು ಬಿಟ್ಟ ಒಂದೇ ವಾರದಲ್ಲಿ ನರ್ಸಿಂಗ್ ಹೋಮಿಗೆ ಹೊಸಬರು ಬಂದರು. ಒಬ್ಬರಲ್ಲ, ಇಬ್ಬರು. ಏಳು ತಿಂಗಳು ಹುಡುಕಿ ಸಿಗದವರು ಏಳು ದಿನಕ್ಕೆ ಸಿಕ್ಕರು. ಆಯಾ ಹೇಳಿದಾಗ ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಮೊದಲ ಕಾಗದ ಕೊಟ್ಟ ದಿನವೇ ಕೆಲಸ ಬಿಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ಅನಿಸಿತು. ಆದರೆ ಆ ಸಿಟ್ಟನ್ನು ಹಿಡಿದುಕೊಂಡು ಎಷ್ಟು ದೂರ ನಡೆದರೂ ಕೊನೆಗೆ ಅಮ್ಮನಿಗೆ ಹೇಳಿದ ಮಾತಿನ ಮುಂದೆಯೇ ಬಂದು ನಿಲ್ಲುತ್ತಿದ್ದೆ. ಮ್ಯಾನೇಜರಿಗೆ ಹೇಳದೆ ಬಿಟ್ಟದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆ ತಿಂಗಳ ನೋಟಿಸು ನಾನು ಅವರಿಗೆ ಕೊಟ್ಟಾಗಿತ್ತು. ಮೆಟ್ಟಿಲ ಮೇಲೆ ಕೂತವರಿಗೆ ಕೊಡಬೇಕಾದದ್ದು ಬೇರೆಯೇ ಇತ್ತು, ಅದಕ್ಕೆ ತಿಂಗಳೂ ಬೇಕಿರಲಿಲ್ಲ. ಒಂದು ನಿಮಿಷ ಸಾಕಿತ್ತು.

ಹೊಸದುರ್ಗದ ಆ ಹುಡುಗಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವಳು "ಅದೆಲ್ಲ ಬಿಡಕ್ಕ" ಎಂದಳು. ಈಗ ನಾನು ಹೊಳಲ್ಕೆರೆಯಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದೇನೆ. ಡಯಾಲಿಸಿಸ್ ರೂಮಿನೊಳಗೆ ಕಾಲಿಡಲು ಇನ್ನೂ ಆಗುತ್ತಿಲ್ಲ. ಹೊರಗಿನಿಂದ ಅದರ ಅಲಾರಂ ಕೇಳಿದರೂ ದಾರಿ ಬದಲಿಸುತ್ತೇನೆ.

ಅಜ್ಜ ಹಿರಿಯೂರಿಗೆ ಮತ್ತೆ ಹೋಗಲಿಲ್ಲ. ವಾರಕ್ಕೆರಡು ಸಲ ದುರ್ಗದವರೆಗೆ ಬಸ್ಸಿನಲ್ಲಿ ಕೂತು ಹೋಗುತ್ತಾರೆ. ಮೊದಲಿನಷ್ಟು ಮಾತಿಲ್ಲವಂತೆ. ಇದು ನನಗೆ ಅಮ್ಮನಿಂದಲೇ ಗೊತ್ತು, ಏಕೆಂದರೆ ನಾಲ್ಕು ತಿಂಗಳ ಮೇಲೆ ಒಂದು ಮಧ್ಯಾಹ್ನ ಅವರೇ ಫೋನ್ ಮಾಡಿದರು. ಹೇಗಿದ್ದೀಯ ಎಂದು ಕೇಳಲಿಲ್ಲ, ನಡೆದದ್ದರ ಮಾತೆತ್ತಲಿಲ್ಲ. ಅಜ್ಜನ ಈ ಸುದ್ದಿ ಹೇಳಿ, ನೇರವಾಗಿ ಕೇಳಿದರು.

"ನೆಂಟ್ರು ಎಳನೀರು ತಂದವ್ರೆ. ಇವ್ರು ಆಸೆ ಪಡ್ತಾವ್ರೆ. ಅರ್ಧ ಲೋಟ ಕೊಡ್ಲಾ?"

"ಬೇಡಮ್ಮ. ಒಂದು ಗುಟುಕೂ ಬೇಡ. ಅದ್ರಲ್ಲಿರೋ ಪೊಟ್ಯಾಷಿಯಮ್ಮು ಇವ್ರ ಮೈಯಿಂದ ಹೋಗಲ್ಲ, ಹೃದಯಕ್ಕೆ ಹೊಡೀತೈತೆ."

"ದಿಟವಾಗ್ಲೂ?"

"ದಿಟವಾಗ್ಲೂ ಅಮ್ಮ."

ಆಚೆ ಕಡೆ ಅಜ್ಜ ಏನೋ ಗೊಣಗಿದ್ದು ಕೇಳಿಸಿತು. "ಬ್ಯಾಡಂತೆ ಸುಮ್ಕಿರ್ರಿ" ಎಂದು ಅವರಿಗೆ ಹೇಳಿ, ಅಮ್ಮ ಫೋನಿಟ್ಟರು.