ಜಾಕೆಟ್ಟಿನ ಜೇಬಿನಲ್ಲಿ ಸಿಕ್ಕ ಬಿಲ್ಲೆ

ಆ ಬಿಲ್ಲೆ ನನ್ನದು. ಭಾವಜಿಯ ಜಾಕೆಟ್ಟಿನ ಜೇಬಿನಲ್ಲಿ ನನ್ನ ಅಕ್ಕನ ಕೈಗೆ ಸಿಕ್ಕ, ಕೆಸಿನೊದ ಮೇಜಿನ ಮೇಲೆ ದುಡ್ಡಿನ ಬದಲು ಇಡುವ ಆ ಕೆಂಪು ಬಿಲ್ಲೆಯನ್ನು ಅಲ್ಲಿ ಬಿಟ್ಟವನು ನಾನು. ಭಾವಜಿ ಆಡಿರಲಿಲ್ಲ. ಆಡಿದವನು ನಾನು. ಇಷ್ಟು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ನನಗೆ ಏಳು ವರ್ಷ ಬೇಕಾಯಿತು.

ಅಕ್ಕ ಶಾರದೆ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ವಿಜಯಪುರದ ಕಡೆಯ ಹಳ್ಳಿಯಿಂದ ನನ್ನನ್ನು ಮುಂಬೈ ಬಳಿಯ ಡೊಂಬಿವಲಿಗೆ ಕರೆತಂದು, ತನ್ನ ಒಂದು ಕೋಣೆಯ ಸಂಸಾರದಲ್ಲಿ ನನಗೂ ಒಂದು ಮೂಲೆ ಮಾಡಿ, ಓದಿಸಿದವಳು. ಅವಳ ಗಂಡ ಬಸವರಾಜ — ಇಲ್ಲಿಯ ಮರಾಠಿಯವರ ನಡುವೆ ಬೆಳೆದ ನನ್ನ ಬಾಯಲ್ಲಿ ಭಾವಜಿ — ಠಾಣೆ ಊರಿನ ವಾಗ್ಳೆ ಎಸ್ಟೇಟಿನ ಕಾರ್ಖಾನೆಯಲ್ಲಿ ಲೇತ್ ಮಶೀನಿನ ಕೆಲಸಗಾರ. ನನ್ನ ಶಾಲೆಯ ಫೀಸು ಕಟ್ಟಿದ್ದು ಆ ಮಶೀನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಾನು ಯಾರ ಬೆನ್ನಿಗೆ ಚೂರಿ ಹಾಕಿದೆ ಎಂಬುದು ನಿಮಗೆ ಗೊತ್ತಿರಲಿ.

ಭಾವಜಿಗೆ ಒಂದು ಕಾಲದಲ್ಲಿ ಇಸ್ಪೀಟಿನ ಚಟವಿತ್ತು. ಠಾಣೆಯ ಪಕ್ಕದ ಕಳವಾ ಎಂಬ ಊರಿನ ಒಂದು ಕೋಣೆಯಲ್ಲಿ ನಮ್ಮ ಕಡೆಯ ಹಮಾಲರು, ಕಾರ್ಖಾನೆಯವರು ಸೇರಿ ಆಡುತ್ತಿದ್ದರು. ಒಂದು ದಿನ ಅಕ್ಕನ ಬಳೆಗಳು ಆ ಕೋಣೆಗೆ ಹೋಗಿ ಬರಲಿಲ್ಲ. ಅಕ್ಕ ಅಳಲಿಲ್ಲ, ಕೂಗಾಡಲಿಲ್ಲ. ದೇವರ ಮಾಡದಿಂದ ಮೈಲಾರಲಿಂಗನ ಭಂಡಾರದ ಬಟ್ಟಲು ತಂದು ಗಂಡನ ಮುಂದಿಟ್ಟಳು. ಅದು ಬರೀ ಅರಿಶಿನಪುಡಿಯಲ್ಲ. ನಮ್ಮಲ್ಲಿ ಭಂಡಾರ ಮುಟ್ಟಿ ಆಣೆ ಮಾಡಿದವನು ಅದನ್ನು ಮುರಿದರೆ ಅವನಿಗೆ ಮನೆಯಲ್ಲೂ ಜಾಗವಿಲ್ಲ, ದೇವರಲ್ಲೂ ಇಲ್ಲ. ಭಾವಜಿ ಮುಟ್ಟಿದರು. ಅಲ್ಲಿಂದ ಹನ್ನೊಂದು ವರ್ಷ ಅವರು ಎಲೆ ಹಿಡಿಯಲಿಲ್ಲ. ಬೆಳಗಿನ ಲೋಕಲ್ ರೈಲಿನಲ್ಲಿ ಅವರು ಹತ್ತುತ್ತಿದ್ದ ಡಬ್ಬಿಯಲ್ಲಿ ನಾಲ್ಕು ಜನ ಮೊಣಕಾಲ ಮೇಲೆ ಬ್ಯಾಗಿಟ್ಟು ಸುಮ್ಮನೆ ಹೊತ್ತು ಕಳೆಯಲು ಇಸ್ಪೀಟ್ ಆಡುತ್ತಿದ್ದರು. ಭಾವಜಿ ಆ ಡಬ್ಬಿಯನ್ನೇ ಬಿಟ್ಟು, ಇನ್ನೂ ಗರ್ದಿಯ ಡಬ್ಬಿಯಲ್ಲಿ ಬಾಗಿಲಿಗೆ ಜೋತು ಬಿದ್ದು ಠಾಣೆಯ ಕಾರ್ಖಾನೆಗೆ ಹೋಗುತ್ತಿದ್ದರು.

ಮತ್ತು ನಾನು? ನಾನು ವಾಶಿಯ ಶಿಪ್ಪಿಂಗ್ ಆಫೀಸಿನಲ್ಲಿ ಕಾಗದಪತ್ರ ನೋಡುವ ಗುಮಾಸ್ತ. ಇಸ್ತ್ರಿ ಮಾಡಿದ ಅಂಗಿ, ಕಿವಿಯಲ್ಲಿ ಇಯರ್‌ಫೋನು. ಠಾಣೆಯಿಂದ ವಾಶಿಗೆ ಹೋಗುವ ಅಷ್ಟೂ ಹೊತ್ತು ಫೋನಿನಲ್ಲಿ ದುಡ್ಡು ಕಟ್ಟಿ ರಮ್ಮಿ. ಮನೆಯವರೆಲ್ಲ ನನ್ನನ್ನು ಸಭ್ಯ ಹುಡುಗ ಎನ್ನುತ್ತಿದ್ದರು. ನನಗೆ ಯಾರೂ ಭಂಡಾರದ ಬಟ್ಟಲು ತೋರಿಸಿರಲಿಲ್ಲ.

ಭಾವಜಿ ನಿವೃತ್ತರಾಗುವ ಹೊತ್ತಿಗೆ ಒಂದೇ ಆಸೆ ಹೇಳಿದರು. "ನಿಮ್ಮಕ್ಕನ್ನ ಒಮ್ಮೆ ವಿಮಾನದಾಗ ಕರಕೊಂಡು ಹೋಗಬೇಕು, ಪ್ರಕಾಶಾ. ಎಲ್ಲಿಗರೆ ಆಗ್ಲಿ. ನೀ ಕಲತಾಂವ, ನೀನ ಜೋಡಿಸು." ಅಕ್ಕ ಒಂದೇ ಷರತ್ತು ಹಾಕಿದಳು. ಇಸ್ಪೀಟ್ ಆಡುವ ಜಾಗದ ನೆರಳೂ ಬೇಡ.

ನಾನು ಆರಿಸಿದ್ದು ಮಕಾವ್. ಹಾಂಗ್‌ಕಾಂಗ್ ನೋಡಿ, ಪಕ್ಕದಲ್ಲೇ ಹಳೆಯ ಪೋರ್ಚುಗೀಸ್ ಊರು ನೋಡೋಣ, ನಮ್ಮ ಗೋವಾದ ಹಾಗೇ ಇದೆ, ಇಗರ್ಜಿಗಳಿವೆ ಎಂದೆ. ಅಷ್ಟೂ ನಿಜ. ಉಳಿದದ್ದನ್ನು ಹೇಳಲಿಲ್ಲ — ಆ ಊರಿನ ಹೆಸರು ಕೇಳಿದರೆ ಜಗತ್ತಿನ ಜೂಜುಕೋರರಿಗೆಲ್ಲ ಬಾಯಲ್ಲಿ ನೀರೂರುತ್ತದೆ ಎಂಬುದನ್ನು. ಅಕ್ಕನಿಗೆ ಅದು ಹೇಗೆ ಗೊತ್ತಾಗಬೇಕು? ಅವಳಿಗೆ ಜೂಜೆಂದರೆ ಕಳವಾ ಊರಿನ ಆ ಒಂದು ಕೋಣೆ.

ಹೋಟೆಲು ಆರಿಸಲು ನಾನು ಎರಡು ವಾರ ತೆಗೆದುಕೊಂಡೆ. ಕೊನೆಗೆ ಉಳಿದದ್ದು ಎರಡು. ಒಂದು, ಹಳೆಯ ಊರಿನ ಗಲ್ಲಿಯೊಳಗಿನ ಸಣ್ಣ ಹೋಟೆಲು. ಸ್ವಚ್ಛ, ಶಾಂತ, ಕೆಳಗೆ ಒಂದು ಬೇಕರಿ. ಆದರೆ ಬಂದರಿನಿಂದ ಊರಿನ ಬಸ್ಸು ಹಿಡಿದು, ಇಳಿದು, ಸಾಮಾನು ಎಳೆದುಕೊಂಡು ಏರು ಹತ್ತಬೇಕು. ಇನ್ನೊಂದು, ಕೆಸಿನೊ ಇರುವ ದೊಡ್ಡ ಹೋಟೆಲು. ಬಂದರಿನ ಬಾಗಿಲಿಗೇ ಅದರ ಫುಕಟ್ ಬಸ್ಸು ಬರುತ್ತದೆ, ಕೋಣೆ ನಮ್ಮ ಡೊಂಬಿವಲಿಯ ಮನೆಗಿಂತ ದೊಡ್ಡದು, ವಾರದ ನಡುವೆ ಹೋದರೆ ಸಣ್ಣದಕ್ಕಿಂತ ಸೋವಿ. ಸೋವಿ ಯಾಕೆ ಎಂದು ಕೂಸಿಗೂ ಗೊತ್ತಾಗುತ್ತದೆ — ಕೋಣೆಯಲ್ಲಿ ಬಿಟ್ಟದ್ದನ್ನು ಅವರು ಕೆಳಗಿನ ಜೂಜಿನ ಹಾಲ್‌ನಲ್ಲಿ ವಸೂಲು ಮಾಡುತ್ತಾರೆ. ನಾನು ಆ ಹಾಲ್‌ನ ಫೋಟೋಗಳನ್ನು ಆಫೀಸಿನಲ್ಲಿ ಎಷ್ಟು ಸಲ ತೆರೆದು ನೋಡಿದೆನೋ.

ಅಕ್ಕನ ಮೊಣಕಾಲು ನೋವು ನನಗೆ ಒದಗಿ ಬಂತು. "ಏರು ಹತ್ತಾಕ ಆಗೂದಿಲ್ಲ ನಿನಗ. ಬಸ್ಸು ಬಾಗಿಲಕ್ಕ ಬಿಡ್ತೈತಿ" ಎಂದೆ.

"ಹೋಟೆಲ್ ಚಲೋ ಐತಿ ಹೌದಲ್ಲೋ? ಅಲ್ಲೆ ಅದು ಇಸ್ಪೀಟ್ ಗಿಸ್ಪೀಟ್ ಏನೂ ಇಲ್ಲಲ್ಲಾ?"

"ಇಲ್ಲಕ್ಕಾ. ಫ್ಯಾಮಿಲಿ ಹೋಟೆಲ್ ಅದು."

ಹೀಗೆ ನಾನು ಅವಳ ನೋವನ್ನೇ ನೆಪ ಮಾಡಿಕೊಂಡು ಅವಳ ಭಯದ ಬಾಗಿಲಿಗೆ ಅವಳನ್ನು ಕರೆದೊಯ್ದೆ. ಮರೆವಿನಿಂದಲ್ಲ, ಗಡಿಬಿಡಿಯಿಂದಲ್ಲ. ಎರಡು ವಾರ ಕೂತು, ಯೋಚಿಸಿ.

ಅಕ್ಕನ ಮಗಳು ಸ್ನೇಹಾ ಪರೀಕ್ಷೆಯಿದೆಯೆಂದು ಬರಲಿಲ್ಲ, ಹೊರಟವರು ನಾವು ಮೂವರೇ. ವಿಮಾನದಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತು ಇಡೀ ದಾರಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಹಾಂಗ್‌ಕಾಂಗಿನಿಂದ ಮಕಾವ್‌ಗೆ ಹೋಗುವ ಹಡಗಿನಲ್ಲಿ ವಾಂತಿ ಮಾಡಿಕೊಂಡಳು. ಭಾವಜಿ ಅವಳ ಹಣೆ ಹಿಡಿದು, ಮೊರಮೊರ ಸಪ್ಪಳ ಮಾಡುವ ಆ ಕಾಗದದ ಚೀಲ ಹಿಡಿದು ಕೂತಿದ್ದರು. ಬಂದರಿನಲ್ಲಿ ಇಳಿದಾಗ ಹೋಟೆಲುಗಳ ಬಸ್ಸುಗಳು ಸಾಲಾಗಿ ನಿಂತಿದ್ದವು, ಒಂದೊಂದರ ಮುಂದೆಯೂ ಬೋರ್ಡು ಹಿಡಿದ ಹುಡುಗಿಯರು. ನಮ್ಮ ಬಸ್ಸಿನ ಪರದೆಗೆ ಜರಿಯ ಅಂಚಿತ್ತು. "ಅಯ್ಯ, ಮದಿವಿ ಬಸ್ಸು ಇದ್ದಂಗೈತಿ" ಎಂದಳು ಅಕ್ಕ. ಕೊಡುವ ದುಡ್ಡಿಲ್ಲದೆ ಇಷ್ಟು ಮರ್ಯಾದೆಯೇ ಎಂದು ಅವಳಿಗೆ ಅಚ್ಚರಿ.

ಬಸ್ಸು ಹೋಟೆಲಿನ ಮುಂದೆ ನಿಂತಿತು. ಲಿಫ್ಟಿಗೆ ಹೋಗುವ ಹತ್ತಿರದ ದಾರಿ ಕೆಸಿನೊದ ಬಾಗಿಲ ಮುಂದಿನಿಂದಲೇ. ಅಂಥ ಹೋಟೆಲುಗಳನ್ನು ಕಟ್ಟುವುದೇ ಹಾಗೆ. ಹಸಿರು ಮೇಜುಗಳು, ಹಗಲೋ ಇರುಳೋ ತಿಳಿಯದ ದೀಪಗಳು. ಭಾವಜಿ ಕೆಂಪು ಜಮಖಾನೆಯ ಅಂಚಿನಲ್ಲಿ ನಿಂತುಬಿಟ್ಟರು. ಅಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅವಳ ಮುಖ ಬಿಳಿಚಿದ್ದನ್ನು ಕಂಡು ಭಾವಜಿ ನನ್ನನ್ನು ಮೆಲ್ಲಗೆ ಕೇಳಿದರು.

"ಇದನ್ನ ನೋಡೇ ಬುಕ್ ಮಾಡಿದ್ಯಾ?"

"ಗೊತ್ತಾಗ್ಲಿಲ್ಲ ಭಾವಜಿ. ಸೈಟಿನಾಗ ಬರದಿರ್ಲಿಲ್ಲ."

ಅಂಗಡಿಗಳ ಸಾಲಿನ ಕಡೆಯಿಂದ ಸುತ್ತಿ ಹೋಗುವ ಇನ್ನೊಂದು ಲಿಫ್ಟನ್ನು ಭಾವಜಿ ತಾವೇ ಹುಡುಕಿಕೊಂಡು ಬಂದರು. ಮೂರು ದಿನವೂ ಹೊರಗೆ ಹೋಗುವಾಗ, ಬರುವಾಗ, ತಿಂಡಿಗೆ ಇಳಿಯುವಾಗ, ಮೊಣಕಾಲು ನೋವಿನ ಹೆಂಡತಿಯ ಕೈಹಿಡಿದು ಆ ಸುತ್ತುದಾರಿಯಲ್ಲೇ ನಡೆದರು. ಏರು ತಪ್ಪಿಸುತ್ತೇನೆ ಎಂದಿದ್ದೆನಲ್ಲ ನಾನು.

ಎರಡನೆಯ ಬೆಳಿಗ್ಗೆ ಅವರಿಬ್ಬರೂ ತಿಂಡಿಗೆ ಕೂತಿದ್ದಾಗ, ಇಗರ್ಜಿ ನೋಡುವ ಬಸ್ಸಿನ ವಿಚಾರ ಕೇಳಿ ಬರುತ್ತೇನೆಂದು ನಾನು ಎದ್ದೆ. "ಎಸಿ ಭಾಳ ಥಂಡಿ ಐತಿ, ಹಾಕ್ಕೊ" ಎಂದು ಭಾವಜಿ ತಮ್ಮ ಜಾಕೆಟ್ಟು ಬಿಚ್ಚಿ ಕೊಟ್ಟರು. ಈ ಪ್ರವಾಸಕ್ಕೆಂದೇ ಉಲ್ಲಾಸನಗರದಲ್ಲಿ ಕೊಂಡದ್ದು, ಕಾಲರಿನಲ್ಲಿ ಇನ್ನೂ ಅಂಗಡಿಯ ವಾಸನೆ. ಅದನ್ನು ಹಾಕಿಕೊಂಡೇ ನಾನು ಒಳಗೆ ಹೋದೆ. ಸೋತೆನೋ ಗೆದ್ದೆನೋ — ಅದನ್ನು ಬರೆಯುವುದಿಲ್ಲ, ಬರೆದರೆ ಅದೊಂದು ಕಥೆಯಾಗಿ ರುಚಿಸತೊಡಗುತ್ತದೆ. ಗಡಿಯಾರವಿಲ್ಲದ ಜಾಗದಲ್ಲಿ ಹೊತ್ತು ಹೋಗಿ, ಅಕ್ಕನ ಫೋನು ಬಂದಾಗ ದಡಬಡಿಸಿ ಎದ್ದೆ. ಕೈಯಲ್ಲಿದ್ದ ಕೊನೆಯ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡದ್ದು ನನಗೇ ತಿಳಿಯಲಿಲ್ಲ. ಜಾಕೆಟ್ಟನ್ನು ವಾಪಸು ಕೊಟ್ಟೆ.

ಊರಿಗೆ ಬಂದ ಮೇಲಿನ ಭಾನುವಾರ ನಾನು ನನ್ನ ಬಾಡಿಗೆ ಕೋಣೆಯಿಂದ ಊಟಕ್ಕೆಂದು ಅಕ್ಕನ ಮನೆಗೆ ಹೋದೆ. ಜಾಕೆಟ್ಟನ್ನು ಒಗೆದು ಎತ್ತಿಡಲು ಜೇಬು ಝಾಡಿಸಿದ್ದಳು ಅಕ್ಕ. ಆ ಹೋಟೆಲಿನ ಮುದ್ರೆಯಿದ್ದ ಬಿಲ್ಲೆ ಅವಳ ಅಂಗೈಯಲ್ಲಿತ್ತು. ದೇವರ ಮಾಡದಿಂದ ಭಂಡಾರದ ಬಟ್ಟಲು ತಂದು ಗಂಡನ ಮುಂದೆ ಇಟ್ಟಳು.

"ಮುಟ್ಟಿ ಹೇಳ್ರಿ. ಆಡಿಲ್ಲಂತ ಹೇಳ್ರಿ."

ಭಾವಜಿ ಬಿಲ್ಲೆ ನೋಡಿದರು. ಆಮೇಲೆ ನನ್ನನ್ನು ನೋಡಿದರು — ಒಂದೇ ಸಲ. ಜಾಕೆಟ್ಟು ಯಾರ ಮೈಮೇಲಿತ್ತು ಎಂಬುದು ಅವರಿಗೆ ಆ ಕ್ಷಣವೇ ನೆನಪಾಗಿತ್ತು.

"ಒಮ್ಮೆ ಮುಟ್ಟೇನಿ, ಶಾರದಾ. ಎರಡನೇ ಸಲ ಮುಟ್ಟಿದ್ರ ಮೊದಲ ಮುಟ್ಟಿದ್ದು ಸುಳ್ಳಾತು. ನಾ ಮುಟ್ಟೂದಿಲ್ಲ."

ಅವರ ಲೆಕ್ಕದಲ್ಲಿ ಅದು ಸತ್ಯವಂತನ ಉತ್ತರ. ಅಕ್ಕನ ಲೆಕ್ಕದಲ್ಲಿ ಅದು ಕಳ್ಳನ ಉತ್ತರ. ಒಂದೇ ಬಟ್ಟಲನ್ನು ನಂಬಿದ ಇಬ್ಬರ ನಡುವೆ ನಾನು ಕೂತಿದ್ದೆ. ಅಕ್ಕ ನನ್ನ ಕಡೆ ತಿರುಗಿದಳು.

"ನೀನರ ಹೇಳೋ. ನೀ ಅಲ್ಲೇ ಇದ್ದಿ. ಇವರು ಒಳಗ ಹೋಗಿದ್ರಾ?"

ನಾನು ಹೇಳಿದೆ, "ನಾ ನೋಡಿಲ್ಲಕ್ಕಾ."

ಹೋಗಿರಲಿಲ್ಲ ಎನ್ನಬಹುದಿತ್ತು. ನಾನು ಹೋಗಿದ್ದೆ ಎನ್ನಬಹುದಿತ್ತು. ನಾ ನೋಡಿಲ್ಲ ಎಂದೆ — ಸುಳ್ಳೂ ಅಲ್ಲದ, ಸತ್ಯವೂ ಅಲ್ಲದ, ಗುಮಾಸ್ತನ ಮಾತು. ಆ ತಿಂಗಳು ಅಕ್ಕ ನನಗೆ ಹೆಣ್ಣು ನೋಡುತ್ತಿದ್ದಳು, ಘೋಡಬಂದರ್ ರಸ್ತೆಯ ಮನೆತನದವರು ಒಪ್ಪುವ ಹಂತದಲ್ಲಿದ್ದರು… ಬೇಡ. ಅದನ್ನು ಕಾರಣವೆಂದು ಇಲ್ಲಿ ನಿಲ್ಲಿಸಲು ನನಗೆ ನಾಚಿಕೆಯಾಗುತ್ತದೆ. ಹೇಡಿಯಾಗಿದ್ದೆ. ಅಷ್ಟೇ.

ಅಕ್ಕ ಗಂಡನ ಕೂಡ ಮಾತು ಬಿಟ್ಟಳು. ತಾಟು ಮುಂದಿಟ್ಟು ಒಳಗೆ ಹೋಗುತ್ತಿದ್ದಳಂತೆ. ಆಣೆ ಮುರಿದವನು ಎಂಬ ಮಾತು ಬಳಗದಲ್ಲೆಲ್ಲ ಹಬ್ಬಿತು. ಎರಡು ತಿಂಗಳಿಗೆ ಭಾವಜಿ ಒಂದು ಟ್ರಂಕು ಎತ್ತಿಕೊಂಡು ಕಳವಾಗೆ ಹೋದರು, ಹಳೆಯ ಜೊತೆಗಾರನೊಬ್ಬನ ಕೋಣೆಗೆ. ಹೊಟ್ಟೆಪಾಡಿಗೆ ಒಂದು ಹೌಸಿಂಗ್ ಕಾಂಪ್ಲೆಕ್ಸಿನ ಗೇಟಿನಲ್ಲಿ ವಾಚ್‌ಮನ್ ಆದರು. ಲಾಕ್‌ಡೌನಿನಲ್ಲಿ ಜೊತೆಗಾರ ಊರಿಗೆ ಹೋದ ಮೇಲೆ ಆ ಕೋಣೆಯಲ್ಲಿ ತಿಂಗಳುಗಟ್ಟಲೆ ಒಬ್ಬರೇ ಇದ್ದರು. ನನ್ನ ಮದುವೆ ಚೆನ್ನಾಗಿಯೇ ಆಯಿತು. ಪ್ರತಿ ದೀಪಾವಳಿಗೆ ನಾನು ಅವರಿಗೆ ಫರಾಳದ, ಹಬ್ಬದ ತಿಂಡಿಗಳ ಡಬ್ಬಿ ಒಯ್ದು ಕೊಡುತ್ತಿದ್ದೆ. ಅವರು ತೆಗೆದುಕೊಳ್ಳುತ್ತಿದ್ದರು. ನನ್ನ ಹೆಂಡತಿ, ಮಗಳು ಹೇಗಿದ್ದಾರೆಂದು ಕೇಳುತ್ತಿದ್ದರು. ಆ ಬಿಲ್ಲೆಯ ಮಾತು ಒಮ್ಮೆಯೂ ಎತ್ತಲಿಲ್ಲ. ಅವರು ಬೈದಿದ್ದರೆ ನಾನು ಬದುಕುತ್ತಿದ್ದೆ.

ಈ ವರ್ಷ ಅವರ ಮಗಳು ಸ್ನೇಹಾಳ ಮದುವೆ ಗೊತ್ತಾಯಿತು. ಅಕ್ಕ ನನ್ನನ್ನು ಕರೆದು ಹೇಳಿದಳು, "ಆಣಿ ಮುರದಾಂವ ನನ್ನ ಮಗಳನ್ನ ಧಾರಿ ಎರೀಬಾರದು. ನೀ ಸ್ವಾದರಮಾವ. ನೀನು, ನಿನ್ನ ಹೆಂಡ್ತಿ ಕುಂಡ್ರರಿ." ಆ ಮಣೆಯ ಮೇಲೆ ನಾನು! ಆಣೆ ಉಳಿಸಿಕೊಂಡವನು ಕೂಡಬೇಕಾದ ಜಾಗದಲ್ಲಿ. ನೇರ ಕಳವಾಗೆ ಹೋದೆ. ಭಾವಜಿಯ ಕಾಲು ಹಿಡಿದು ಎಲ್ಲವನ್ನೂ ಹೇಳಿದೆ.

ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. "ನನಗ್ಯಾಕ ಹೇಳ್ತಿ? ನಾ ಆಡಿಲ್ಲಂತ ನನಗ ಗೊತ್ತೈತಿ. ಗೊತ್ತಿಲ್ಲದಾಕಿಗೆ ಹೋಗಿ ಹೇಳು."

ಅಕ್ಕ ಲಗ್ನಪತ್ರಿಕೆಗಳ ಮೇಲೆ ಹೆಸರು ಬರೆಯುತ್ತಿದ್ದಳು. ನಾನು ಹೇಳಿ ಮುಗಿಸುವವರೆಗೂ ಪೆನ್ನು ಕೆಳಗಿಡಲಿಲ್ಲ. ಆಮೇಲೆ ನನ್ನನ್ನು ನೋಡದೆ ಅಂದಳು, "ಅವತ್ತ ಅವರು ನಿನ್ನ ಮಾರಿ ನೋಡಿದ್ರು. ನಾ ಅದನ್ನ ಕಂಡಿದ್ದೆ, ಜಾಕೆಟ್ ನಿನಗ ಕೊಟ್ಟದ್ದನ್ನೂ ಕಂಡಿದ್ದೆ. ಕಂಡೂ…" ಎದ್ದು ಚಪ್ಪಲಿ ಮೆಟ್ಟಿದಳು. ಕಳವಾ ಊರಿನ ಆ ಕೋಣೆಯ ಹೊಸ್ತಿಲಲ್ಲಿ ನಿಂತು ಗಂಡನ ಮುಂದೆ ಕೈಮುಗಿದಳು, ಮನೆಗೆ ಬರ್ರಿ ಎಂದಳು. ನಾನು ಅವಳ ಹಿಂದೆ ನಿಂತಿದ್ದೆ.

ಭಾವಜಿ ಅವಳನ್ನು ಕೂಡಿಸಿ ಚಹಾ ಮಾಡಿ ಕೊಟ್ಟರು. ಸಿಟ್ಟಿಲ್ಲದೆ ಹೇಳಿದರು, "ಅಂವಂದು ಒಂದು ದಿನದ ಮಾತು, ಶಾರದಾ. ನೀ ಏಳು ವರ್ಷ ನಂಬಿದಿ. ಮದಿವಿಗೆ ಬರ್ತೀನಿ, ಧಾರಿ ಎರೀತೀನಿ. ಮನಿಗೆ ಬರೂದಿಲ್ಲ."

ಅಕ್ಕ ನನಗೆ ಮದುವೆಗೆ ಬರಬೇಡ ಎಂದಳು. ಸರಿಯಾಗಿಯೇ ಹೇಳಿದಳು. ಆವತ್ತಿನಿಂದ ನನ್ನ ಫೋನೂ ಎತ್ತುವುದಿಲ್ಲ. ನಾನು ನನ್ನ ಬಾಯಿಂದಲೇ ಬಳಗದ ಮನೆಮನೆಗೆ ಹೋಗಿ ಹೇಳುತ್ತಿದ್ದೇನೆ, ಯಾರು ಆಡಿದ್ದು, ಯಾರು ಆಡಿಲ್ಲ ಎಂದು. ಇನ್ನೂ ಕೆಲವು ಮನೆ ಉಳಿದಿವೆ. ಅವರಿಗೂ ಹೇಳುತ್ತೇನೆ. ಅದರಿಂದ ಯಾರ ಏಳು ವರ್ಷವೂ ತಿರುಗಿ ಬರುವುದಿಲ್ಲವೆಂದು ಗೊತ್ತಿದೆ.

ಮದುವೆಯ ದಿನ ನಾನು ಮನೆಯಲ್ಲೇ ಇದ್ದೆ. ಸಂಜೆ ಸ್ನೇಹಾ ಫೋನು ಮಾಡಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಮಾತು ಮಾತ್ರ ಮರಾಠಿ. ಅಪ್ಪ ಧಾರೆ ಎರೆದರೇ ಎಂದು ಕೇಳಿದೆ. ಎರೆದರು ಎಂದಳು. ಆಮೇಲೆ? "ಬಾಬಾ ಜೇವೂನ್ ಗೇಲೇ" ಎಂದಳು. ಅಪ್ಪ ಊಟ ಮಾಡಿ ಹೋದರು.