ಆರ್ಲೀನ್ ಅವರ ಗಾಲಿ ಮನೆ

ಆರ್ಲೀನ್ ಟ್ವೇಟ್ ಅವರನ್ನು ನಾನು ಮೊದಲು ಕಂಡದ್ದು ಶಾಲೆಯ ಊಟದ ಸಾಲಿನಲ್ಲಿ. ಮೊಂಟಾನಾದ ಈ ಊರಿಗೆ ನಾನು ಮೇಷ್ಟ್ರಾಗಿ ಬಂದ ಮೊದಲ ದಿನ ಅದು. ತಟ್ಟೆಯಲ್ಲಿ ಮಾಂಸ, ರಾಜ್ಮಾ ಹಾಕಿದ ಖಾರದ ಸಾರು; ಪಕ್ಕದಲ್ಲಿ ದಾಲ್ಚಿನ್ನಿಯ ಸಿಹಿ ಬನ್ನು. ಸಿಹಿ ಆಮೇಲೆ ತಿನ್ನೋಣವೆಂದು ಬನ್ನನ್ನು ಬದಿಗಿಟ್ಟೆ.

ಸೌಟು ಹಿಡಿದಿದ್ದ ಅವರು, "ಯಾವ ಊರೋರು ಮೇಷ್ಟ್ರೇ ನೀವು? ಬನ್ ಕೊಟ್ಟಿರೋದು ಸಾರಲ್ಲಿ ಅದ್ದಿಕೊಳ್ಳೋಕೆ," ಎಂದರು. ಹಿಂದಿದ್ದ ಮಕ್ಕಳು ನಕ್ಕರು. ನಾನು ಅದ್ದಿದೆ. ಮೂವತ್ತು ವರ್ಷದಿಂದ ಹಾಗೆಯೇ ತಿನ್ನುತ್ತಿದ್ದೇನೆ.

ಅವರ ಮನೆ ಹೊಳೆಯ ಪಕ್ಕದ ಬಡಾವಣೆಯಲ್ಲಿ. ಅಲ್ಲಿ ಮನೆ ಸ್ವಂತದ್ದು, ಕೆಳಗಿನ ನೆಲ ಬಾಡಿಗೆಯದು. ಕಾರ್ಖಾನೆಯಲ್ಲಿ ಕಟ್ಟಿ, ಗಾಲಿಯ ಮೇಲೆ ಎಳೆದು ತಂದು ನಿಲ್ಲಿಸಿದ ಉದ್ದನೆಯ ತಗಡಿನ ಮನೆಗಳು. ನೆಲೆ ನಿಂತ ಮೇಲೆ ಉಳಿದವರೆಲ್ಲ ಲಾರಿಗೆ ಸಿಕ್ಕಿಸಿ ಎಳೆಯುವ ಮುಂಭಾಗದ ಕೊಕ್ಕೆಯನ್ನು ಬಿಚ್ಚಿ ಗುಜರಿಗೆ ಹಾಕಿದ್ದರು. ಆರ್ಲೀನ್ ಅವರ ಗಂಡ ವೆಂಡೆಲ್ ಬಿಚ್ಚಲಿಲ್ಲ. ಅವರು ತೀರಿಕೊಂಡ ಮೇಲೂ, ಹಿಮ ಕರಗಿದೊಡನೆ ಆರ್ಲೀನ್ ಅದಕ್ಕೆ ಕೆಂಪು ಬಣ್ಣ ಬಳಿಯುತ್ತಿದ್ದರು.

"ಯಾರಾದ್ರೂ ಕಾಟ ಕೊಟ್ರೆ ಮನೇನೇ ಕಟ್ಕೊಂಡು ಹೊರಟೆ," ಎನ್ನುತ್ತಿದ್ದರು.

ಮೂರು ವರ್ಷದ ಹಿಂದೆ ಆ ನೆಲವನ್ನು ಹೊರಗಿನ ಕಂಪನಿಯೊಂದು ಕೊಂಡಿತು. ಬೆಟ್ಟ ನೋಡಲು ಬಂದ ಹಣವಂತರು ಇಲ್ಲೇ ಉಳಿದು, ಮೊಟ್ಟೆಯಿಂದ ಮನೆಯವರೆಗೆ ಎಲ್ಲವೂ ತುಟ್ಟಿಯಾಗಿದ್ದ ಕಾಲ. ನೆಲಬಾಡಿಗೆ ಒಮ್ಮೆಗೇ ಎರಡು ಪಟ್ಟಾಯಿತು. ಆರ್ಲೀನ್ ಅವರ ಪಿಂಚಣಿಯ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಯಿತು. ಅವರು ಅಂಜಲಿಲ್ಲ. ಮನೆ ಎಳೆಯುವ ಗಸ್‌ನನ್ನು ಕರೆಸಿದರು. ಅವನು ನನ್ನ ಹಳೆಯ ವಿದ್ಯಾರ್ಥಿ. ದರ ಇಳಿಸಲಿ ಎಂದು ನನ್ನನ್ನೂ ಕರೆದಿದ್ದರು.

ಗಸ್ ಟಾರ್ಚ್ ಹಿಡಿದು ಮನೆಯಡಿ ತೆವಳಿದ. ಬಹಳ ಹೊತ್ತಿನ ಮೇಲೆ ಅಂಗಿಯ ಮಣ್ಣು ಕೊಡವುತ್ತ ಹೊರಬಂದ.

"ಇರುಸೆಲ್ಲ ತುಕ್ಕು, ಅಮ್ಮಾ. ಎಳೆದ್ರೆ ಮನೆ ನಡು ಮುರಿಯತ್ತೆ."

"ನಿಧಾನಕ್ಕೆ ಎಳಿ. ನಿನಗೇನು ರೈಲು ತಪ್ಪತ್ತಾ?"

"ಎಳೆದು ಎಲ್ಲಿಗೆ ಒಯ್ಯಲಿ? ಇಷ್ಟು ಹಳೇ ಮನೇನ ಯಾವ ಬಡಾವಣೆಯೋರೂ ಒಳಗೆ ಬಿಡಲ್ಲ."

"ಹಾಗಾದ್ರೆ ನಿಂತ ಕಡೇನೇ ಮಾರ್ತೀನಿ."

ಉತ್ತರ ಗೊತ್ತಿದ್ದೂ ಹೇಳಲು ಹಿಂಜರಿದಾಗ ತರಗತಿಯಲ್ಲಿ ನೋಡುತ್ತಿದ್ದಂತೆ ಗಸ್ ನನ್ನ ಮುಖ ನೋಡಿದ. "ಕೊಂಡೋರೂ ಅದೇ ನೆಲಬಾಡಿಗೆ ಕಟ್ಟಬೇಕಲ್ಲ, ಮೇಷ್ಟ್ರೇ," ಎಂದ.

ಆರ್ಲೀನ್ ಕೊಕ್ಕೆಯ ಮೇಲೆ ಕೈಯಿಟ್ಟರು. "ಇಷ್ಟು ವರ್ಷ ಕಣ್ಣಿಗೆ ಕಾಣೋದಕ್ಕೆ ಮಾತ್ರ ಬಣ್ಣ ಬಳಿದೆ ಕಣೋ," ಎಂದರು. "ಕೆಳಗೆ ಬಗ್ಗಿ ಒಂದ್ಸಲಾನೂ ನೋಡಲಿಲ್ಲ." ಗಸ್ ಹಣ ಬೇಡವೆಂದ. ಅವನ ಕೈಗೆ ಎರಡು ಬನ್ನು ತುರುಕಿ ಕಳಿಸಿದರು.

ಅದಾದ ಮೇಲೆ ಬಾಡಿಗೆ ಮತ್ತೆರಡು ಸಲ ಏರಿದೆ. ಎಪ್ಪತ್ತಮೂರರ ಆರ್ಲೀನ್ ಈಗ ಮತ್ತೆ ಶಾಲೆಯ ಅಡುಗೆಮನೆಯಲ್ಲಿದ್ದಾರೆ. ಬೆಳಿಗ್ಗೆ ಐದಕ್ಕೇ ಹೋಗಿ ಹಿಟ್ಟು ನಾದುತ್ತಾರೆ. ಮೊನ್ನೆ ಭಾನುವಾರ ಆ ಕಡೆ ಹೋದಾಗ, ಮೊಣಕಾಲಿಗೆ ಹಳೆಯ ದಿಂಬು ಕೊಟ್ಟುಕೊಂಡು ಕೊಕ್ಕೆಗೆ ಕೆಂಪು ಬಳಿಯುತ್ತಿದ್ದರು.

"ಇನ್ನೂ ಯಾಕೆ ಇದು, ಆರ್ಲೀನ್?" ಎಂದೆ.

"ಕಾಣದೆ ಯಾರಾದ್ರೂ ಎಡವಿ ಬಿದ್ದಾರು, ಮೇಷ್ಟ್ರೇ," ಎಂದು ಅವರು ಕುಂಚವನ್ನು ಡಬ್ಬಕ್ಕೆ ಅದ್ದಿದರು.