ಬೇರಿಂಗಿನ ಮೇಲಿನ ಗುರುತು

ಲಾರಿ ಮಾಲೀಕ ಅಂದರೆ ದೊಡ್ಡ ಮಾತಾಯಿತು. ಇದ್ದದ್ದು ಒಂದೇ ಲಾರಿ, ಓಡಿಸುವವನೂ ಅವನೇ. ಊರೆಲ್ಲ ಅವನನ್ನು ಗುರುತಪ್ಪ ಎಂದೇ ಕರೆಯುತ್ತಿತ್ತು. ಜಾಕು, ಪಾನಾ, ನೀರಿನ ಕ್ಯಾನು, ಕೊನೆಗೆ ಹೆಂಡತಿಯ ಬಾಣಲೆಯ ಮೇಲೂ ಮೊಳೆಯಲ್ಲಿ ಒಂದು ಸೊನ್ನೆ ಗೀರಿ, ಒಳಗೊಂದು ಅಡ್ಡಗೆರೆ ಎಳೆಯುತ್ತಿದ್ದ. ತನ್ನ ನೆರಳನ್ನೂ ನಂಬದ ಆಸಾಮಿ!

ಅಂಥವನ ಲಾರಿಯ ಇಂಜಿನ್ ಕಟಕಟ ಬಡಿಯತೊಡಗಿತು. ಬಿಚ್ಚಿದವನು ಹೆಂಡತಿಯ ತಮ್ಮ, ಒಬ್ಬನೇ ಗ್ಯಾರೇಜ್ ನಡೆಸುವ ಮೆಕ್ಯಾನಿಕ್. ಅಲ್ಲಿಗೆ ಬರುವವರೆಲ್ಲ ಅವನಿಗೆ ‘ಸಾರ್’, ಗುರುತಪ್ಪನೊಬ್ಬನೇ ‘ಭಾವ’. ಆ ಅಕ್ಕರೆಯಿಂದಲೇ ಮುದಿ ಲಾರಿ ಇಷ್ಟು ವರ್ಷ ಬದುಕಿತ್ತು, ಗುರುತಪ್ಪನ ಮನೆಯೂ ನಡೆದಿತ್ತು.

"ಭಾವ, ಕ್ರ್ಯಾಂಕ್ ಬೇರಿಂಗ್ ಹೋಗಿದೆ. ಒರಿಜಿನಲ್ಲೇ ಹಾಕೋಣ. ಹಾಗೇ ಆಯಿಲ್ ಪಂಪೂ ದೊಡ್ಡದು ಹಾಕಿಬಿಟ್ರೆ ಇಂಜಿನ್‌ಗೆ ಆಯಸ್ಸು ಜಾಸ್ತಿ."

ಬಂದನಪ್ಪ ವಿಷಯಕ್ಕೆ, ಅಂದುಕೊಂಡ ಗುರುತಪ್ಪ. ಬೇರಿಂಗಿನ ಮಾತಾಡುತ್ತಿದ್ದವನು ಪಂಪಿಗೆ ಯಾಕೆ ಹಾರಿದ? ಅಂಗಡಿಯವನ ಕಮಿಷನ್ ಇರಬೇಕು. ಪಂಪು ಬೇಡವೆಂದ. ಬೇರಿಂಗನ್ನು ತಾನೇ ಹೋಗಿ ತಂದ. ಆದರೂ ತಲೆಗೆ ಹೊಕ್ಕ ಹುಳ ಸುಮ್ಮನಿರಬೇಕಲ್ಲ! ಒರಿಜಿನಲ್ ಎತ್ತಿಟ್ಟುಕೊಂಡು ಡೂಪ್ಲಿಕೇಟ್ ಕೂರಿಸಿ ಇಂಜಿನ್ ಮುಚ್ಚಿಬಿಟ್ಟರೆ ಕೇಳೋರು ಯಾರು? ಕ್ಯಾಬಿನ್ನಿನಲ್ಲಿ ಕೂತು, ಒಂದೊಂದು ಬೇರಿಂಗಿನ ನುಣುಪಾದ ಒಳಮೈ ಮೇಲೂ ಮೊಳೆಯಿಂದ ತನ್ನ ಗುರುತು ಗೀರಿದ. ನಾಳೆ ಇವು ಭಾವಮೈದನ ಕಪಾಟಿನಲ್ಲಿ ಕಂಡರೆ ಕಳ್ಳ ಸಿಕ್ಕಿಬಿದ್ದ ಹಾಗೇ.

ಮೆಕ್ಯಾನಿಕ್ ಬೇರಿಂಗಿಗೆ ಎಣ್ಣೆ ಸವರುತ್ತಿದ್ದಾಗ ಅವನ ಹೆಬ್ಬೆರಳು ತಟ್ಟನೆ ನಿಂತಿತು.

"ಅಯ್ಯೋ, ಇದನ್ನ ಹಾಕೋ ಹಾಗಿಲ್ಲ ಭಾವ. ಒಳಗೆ ಗೀರಿದೆ, ಅದರಲ್ಲಿ ತಿರುಗೋ ಕ್ರ್ಯಾಂಕನ್ನೇ ತಿಂದುಬಿಡುತ್ತೆ." ಬೆಳಕಿಗೆ ಹಿಡಿದು ನೋಡಿದ. ಸೊನ್ನೆ, ಅಡ್ಡಗೆರೆ. "ಇದು ಅಕ್ಕನ ಬಾಣಲೆ ಮೇಲಿರೋದಲ್ವಾ?"

ಗುರುತಪ್ಪ ಮೊಳೆಯನ್ನು ಜೇಬಿನ ಆಳಕ್ಕೆ ತಳ್ಳಿದ. "ಯಾರಾದ್ರೂ ಬದಲಾಯಿಸಿಬಿಟ್ರೆ ಅಂತ..."

"ಯಾರಾದ್ರೂ ಅಂದ್ರೆ? ಈ ಗ್ಯಾರೇಜಲ್ಲಿ ನಾನೊಬ್ಬನೇ ತಾನೇ ಇರೋದು?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಗುರುತಪ್ಪನಿಗೆ. ಭಾವಮೈದ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ತನ್ನ ಕಪಾಟಿನಿಂದ ಅದೇ ಕಂಪನಿಯ ಹೊಸ ಡಬ್ಬಿ ತೆಗೆದ. ಗುರುತಪ್ಪನ ಕೈಯಿಂದಲೇ ಸೀಲು ಒಡೆಸಿ, ಒಂದೊಂದನ್ನೂ ಅವನ ಮುಖದ ಮುಂದೆ ಹಿಡಿದು ತೋರಿಸಿಯೇ ಕೂರಿಸಿದ. ನೋಡುವುದು ಬೇಡವೆಂದರೂ ಬಿಡಲಿಲ್ಲ.

ಸಂಜೆಗೆ ಇಂಜಿನ್ ಬಡಿತವಿಲ್ಲದೆ ಓಡಿತು. ಮೆಕ್ಯಾನಿಕ್ ಕೈ ಒರೆಸಿಕೊಂಡು ಲಾರಿಯ ಕೀ ಚಾಚಿದ.

"ಎಲ್ಲಾ ಸರಿಯಾಗಿದೆಯಾ ನೋಡ್ಕೊಳ್ಳಿ, ಸಾರ್."